ಎರಡನೆಯ ಸಾರಿ ಬದಲಿಸುವ ಸೊಂಟದ ಕೀಲು

ನಮ್ಮ ಶಾಲೆಯಲ್ಲಿ ಬಹುಕಾಲ ಹೊಲಿಗೆ ಕಲಿಸಿದ ಅಮ್ಮನವರೊಬ್ಬರಿಗೆ ಹದಿನೆಂಟು ವರ್ಷಗಳ ಹಿಂದೆ ಸೊಂಟದ ಕೀಲನ್ನು ಬದಲಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರುವದು. ಈ ವರ್ಷ ಅದು ಸಡಿಲವಾಯಿತು. ಈ ಸಲ ಮೊದಲಿಗಿಂತ ಉದ್ದವಾದ ಕಾಂಡವನ್ನು ಇಡಬೇಕೆಂದು ವೈದ್ಯರು ಹೇಳಿದಾಗ, "ಉದ್ದವೇ ಒಳ್ಳೆಯದಾದರೆ ಮೊಣಕಾಲಿನ ತನಕ ಇಡಬಾರದೇ?" ಎಂದು ಅವರು ನಮ್ಮನ್ನು ಕೇಳಿದರು. ಆ ಪ್ರಶ್ನೆಯೇ ಈ ಪಾಠಕ್ಕೆ ಕಾರಣವು.

ತೊಡೆಯೆಲುಬಿನ ಸವೆದ ತಲೆಯನ್ನು ತೆಗೆದು, ಎಲುಬಿನ ಪೊಳ್ಳಿನೊಳಗೆ ವೈದ್ಯರು ಸ್ಟೆಮ್ ಎನ್ನುವ ಲೋಹದ ಕಾಂಡವನ್ನಿಳಿಸಿ, ಅದರ ಮೇಲೆ ಗುಂಡನ್ನಿಡುವರು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬವರು 1962ರಲ್ಲಿ ಲೋಹದ ಗುಂಡಿಗೆ ಪಾಲಿಎಥಿಲೀನಿನ ಬಟ್ಟಲನ್ನು ಜೋಡಿಸಿದಂದಿನಿಂದ ಈ ಚಿಕಿತ್ಸೆಯು ನೆಲೆಗೊಂಡಿತು.

ಎಲುಬು ಜೀವವಿಲ್ಲದ ಕಂಬವಲ್ಲ. ಭಾರ ಬಿದ್ದಲ್ಲಿ ಅದು ಬಲಿಯುವದು, ಬೀಳದಲ್ಲಿ ಕರಗುವದು. ಜರ್ಮನಿಯ ಯೂಲಿಯುಸ್ ವೋಲ್ಫ್ ಎಂಬ ವೈದ್ಯರು ಈ ವಿಷಯವಾಗಿ 1892ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದರು. ಟೈಟೇನಿಯಂ ಮಿಶ್ರಲೋಹವು ಎಲುಬಿನ ಗಟ್ಟಿ ಹೊರಪದರಕ್ಕಿಂತ ಸುಮಾರು ಆರು ಪಟ್ಟು ಬಿಗಿಯಾದದ್ದು; ಕೋಬಾಲ್ಟ್-ಕ್ರೋಮ್ ಹತ್ತು ಪಟ್ಟಿಗೂ ಮಿಕ್ಕಿದ್ದು. ಆದುದರಿಂದ ದೇಹದ ಭಾರವು ಬಹುಮಟ್ಟಿಗೆ ಲೋಹದೊಳಗಿಂದಲೇ ಕೆಳಗಿಳಿಯುವದು. ಗಟ್ಟಿಗಿತ್ತಿ ಅಕ್ಕನು ಮನೆಗೆಲಸವನ್ನೆಲ್ಲಾ ತಾನೇ ಮಾಡಿದರೆ ತಂಗಿಯು ಸೊರಗುವಂತೆ (ಇದನ್ನು ತಾಯಂದಿರು ಬಲ್ಲರು) ಮೇಲ್ಭಾಗದ ಎಲುಬು ತೆಳುವಾಗುವದು. ಬಟ್ಟಲು ಸವೆದು ಉದುರುವ ಸೂಕ್ಷ್ಮ ಕಣಗಳೂ ಎಲುಬು ಕರಗುವದಕ್ಕೆ ಕಾರಣವಾಗುವವು.

ಹೀಗೆ ಟೊಳ್ಳಾದ ಸ್ಥಳದಲ್ಲಿ ಮತ್ತೊಂದು ಗಿಡ್ಡ ಕಾಂಡವನ್ನಿಟ್ಟರೆ ಅದಕ್ಕೆ ಹಿಡಿತವೆಲ್ಲಿ? ಸಡಿಲ ಮಣ್ಣಿನಲ್ಲಿ ನೆಟ್ಟ ಗೂಟದಂತೆ ಕುಸಿಯುವದು, ತಿರುಗುವದು. ಕೆಳಗಿನ ಆರೋಗ್ಯವುಳ್ಳ ಎಲುಬನ್ನು ಮುಟ್ಟಲೇಬೇಕು. ಕೆಟ್ಟ ಭಾಗವನ್ನು ದಾಟಿ ಎಲುಬಿನ ಅಗಲದ ಎರಡರಷ್ಟು ಮುಂದಕ್ಕೆ ಹೋಗಬೇಕೆಂಬದು ವೈದ್ಯರಲ್ಲಿ ರೂಢಿಯಾದ ಅಳತೆಯು.

ಇದನ್ನು ಒಂಭತ್ತನೆಯ ತರಗತಿಯ ಹುಡುಗಿಯರೊಂದಿಗೆ ಪರೀಕ್ಷಿಸಿದೆವು. ಓಟೆ ಬಿದಿರಿನ ಪಕ್ಕದಲ್ಲಿ ತೂತು ಕೊರೆದು, ಒಳಗೆ ಕಬ್ಬಿಣದ ಸಲಾಕೆಯನ್ನು ತೂರಿಸಿದೆವು. ಸಲಾಕೆಯು ತೂತಿನ ಬಳಿಯಲ್ಲೇ ನಿಂತಾಗ ಬಿದಿರು ಅಲ್ಲಿಯೇ ಸುಲಭವಾಗಿ ಮುರಿಯಿತು. ತೂತನ್ನು ದಾಟಿಸಿದಾಗ ತೂತು ತಾಳಿತು. ಬಹಳ ಬಲ ಹಾಕಿದ ಮೇಲೆ ಬಿದಿರು ಸಲಾಕೆಯ ಕೊನೆಯಲ್ಲಿ ಸೀಳಿತು. ಕಾಂಡದ ತುದಿಯಲ್ಲಿ ಎಲುಬಿಗೆ ಬೀಳುವ ಒತ್ತಡವು ಇಂಥದೇ. ಕೆಲವರಿಗೆ ತೊಡೆಯ ನಡುವೆ ನೋವಾಗುವದೂ, ಬಿದ್ದಾಗ ಎಲುಬು ಆ ತುದಿಯ ಬಳಿ ಮುರಿಯುವದೂ ಇದರಿಂದಲೇ.

ಮೊಣಕಾಲಿನ ತನಕ ಯಾಕೆ ಬೇಡ? ತೊಡೆಯೆಲುಬು ನೆಟ್ಟಗಿಲ್ಲ, ಮುಂದಕ್ಕೆ ಬಾಗಿದೆ. ನೇರವಾದ ಉದ್ದ ಕಾಂಡವು ಅದರ ಮುಂಗೋಡೆಯನ್ನು ಒತ್ತುವದು, ಒಮ್ಮೊಮ್ಮೆ ತೂತೂ ಮಾಡುವದು. ಆದುದರಿಂದ ಉದ್ದವಾದವುಗಳನ್ನು ಬಾಗಿಸಿ ಮಾಡುವದುಂಟು. ಅಲ್ಲದೆ ಕಾಂಡವು ಕೆಳಗೆ ಮಾತ್ರ ಕಚ್ಚಿಕೊಂಡರೆ ಮೇಲಿನ ಎಲುಬಿಗೆ ಕೆಲಸ ಇನ್ನೂ ಕಡಿಮೆ. ಮೂರನೆಯ ಸಾರಿ ಬದಲಿಸಬೇಕಾದರೆ ಹಿಡಿತಕ್ಕೆ ಉಳಿಯುವ ಒಳ್ಳೆಯ ಎಲುಬೂ ಕಡಿಮೆ.

ಹೊಲಿಗೆಯ ಅಮ್ಮನವರು ಈಗ ಕೋಲೂರಿ ನಡೆಯುತ್ತಾರೆ. ಹೊಸ ಕ್ಷ-ಕಿರಣ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಟ್ಟೆಯ ಅಂಚು ಅಳೆಯುವಂತೆ ಬೆರಳಿಟ್ಟು ನಮಗೆ ತೋರಿಸಿದರು: ಕರಗಿದ ಎಲುಬಿನ ಕೊನೆಯಿಂದ ಕಾಂಡದ ತುದಿಗೆ ನಾಲ್ಕು ಬೆರಳು.