ಕುರಿಯ ಅಂಜಿಕೆಯನ್ನು ಅಳೆಯೋದು ಹೇಗೆ?

ಯಾರಾದರೂ ಯೋಚನೆ ಮಾಡದೆ ಇನ್ನೊಬ್ಬರ ಹಿಂದೆ ಹೋದರೆ "ಒಳ್ಳೇ ಕುರಿ" ಅಂತ ಬೈತೀವಿ. ಆದರೆ ಕುರಿ ದಡ್ಡ ಪ್ರಾಣಿಯಲ್ಲ. ಐವತ್ತು ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮೀರಿ ಅದು ನೆನಪಿಟ್ಟುಕೊಳ್ಳುತ್ತದೆ ಎಂದು ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲೇ ತೋರಿಸಿದ್ದಾರೆ. ತೋಳ ಬಂದರೆ ತಿರುಗಿ ಕಾದಾಡುವ ಶಕ್ತಿ ಅದಕ್ಕಿಲ್ಲ. ಬೇಗ ಅಂಜಿ, ಬೇಗ ಓಡಿ, ಹಿಂಡು ಸೇರಿಕೊಳ್ಳೋದೇ ಅದರ ಜಾಣತನ.

ಹಾಗಂತ ಎಲ್ಲ ಕುರಿಗಳೂ ಒಂದೇ ಸಮ ಅಂಜುವುದಿಲ್ಲ. ಒಂದು ಸಮಾಧಾನಿ, ಇನ್ನೊಂದು ಗಾಬರಿ ಸ್ವಭಾವದ್ದು. ಉಣ್ಣೆ ಕತ್ತರಿಸುವಾಗ, ಲಸಿಕೆ ಹಾಕುವಾಗ ಗಾಬರಿಯ ಕುರಿ ಬೇಲಿಗೆ ಬಡಿದು ಪೆಟ್ಟು ಮಾಡಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಅಳೆಯಲು ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಓಡುವ ದೂರ. ಕುರಿಯ ಕಡೆಗೆ ಒಂದೇ ವೇಗದಲ್ಲಿ, ನಿಧಾನವಾಗಿ ನಡೆಯಬೇಕು. ಎಷ್ಟು ಹತ್ತಿರ ಹೋದಾಗ ಅದು ಜಾಗ ಬಿಡುತ್ತದೋ ಆ ದೂರವನ್ನು ಬರೆದುಕೊಳ್ಳಬೇಕು.

ಎರಡು, ಒಂಟಿ ಪೆಟ್ಟಿಗೆ. ಹೊರಗಿನದು ಏನೂ ಕಾಣದ ಪೆಟ್ಟಿಗೆಯಲ್ಲಿ ಕುರಿಯನ್ನು ಅರ್ಧ ಅಥವಾ ಒಂದು ನಿಮಿಷ ನಿಲ್ಲಿಸುತ್ತಾರೆ. ಅದು ಒದ್ದಾಡಿದಷ್ಟೂ ಪೆಟ್ಟಿಗೆ ಅಲುಗುತ್ತದೆ. ಆ ಅಲುಗಾಟವನ್ನು ಒಂದು ಮೀಟರ್ ಲೆಕ್ಕ ಹಾಕುತ್ತದೆ.

ಮೂರು, ಅಂಗಳದ ಪರೀಕ್ಷೆ. ಒಂದು ತುದಿಯಲ್ಲಿ ಸಂಗಾತಿ ಕುರಿಗಳು, ಅವುಗಳ ಮುಂದೆ ಒಬ್ಬ ಮನುಷ್ಯ. ಪರೀಕ್ಷೆಯ ಕುರಿಗೆ ಹಿಂಡು ಬೇಕು, ಆದರೆ ನಡುವೆ ಆ ಮನುಷ್ಯ! ಅದು ಎಷ್ಟು ಸಲ ಅರಚಿತು, ಎಷ್ಟು ಓಡಾಡಿತು, ಎಷ್ಟು ಹತ್ತಿರ ಬಂತು ಅಂತ ಎಣಿಸುತ್ತಾರೆ.

ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು 1990ರ ಸುಮಾರಿಗೆ ಇಂಥ ಅಂಕಗಳನ್ನು ಆಧಾರವಾಗಿಟ್ಟುಕೊಂಡು ಮೆರಿನೊ ಕುರಿಗಳನ್ನು ಸಮಾಧಾನಿ, ಗಾಬರಿ ಎಂದು ಎರಡು ಸಾಲುಗಳಾಗಿ ಬೆಳೆಸತೊಡಗಿದರು. ತಲೆಮಾರು ಕಳೆದಂತೆ ಎರಡೂ ಸಾಲುಗಳು ದೂರವಾದವು. ಅಂದರೆ ಸ್ವಭಾವದ ಒಂದು ಪಾಲು ಹುಟ್ಟಿನಿಂದಲೇ ಬರುತ್ತದೆ. ಸಮಾಧಾನಿ ತಾಯಂದಿರ ಮರಿಗಳು ಹೆಚ್ಚು ಬದುಕುತ್ತವೆ ಎಂದು ಮೊದಲು ಕಂಡುಬಂತು. ಬೇರೆ ದೊಡ್ಡ ಹಿಂಡುಗಳ ಲೆಕ್ಕದಲ್ಲಿ ಆ ನಂಟು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ಯಾಕೆ ಹೀಗೆ? ಒಂದು ಕಾರಣ ಅಳತೆಯಲ್ಲೇ ಇರಬಹುದು. ಪೆಟ್ಟಿಗೆಯ ಕುರಿ ಒಂಟಿತನಕ್ಕೆ ಹೆದರಿತೋ, ಹೊಸ ಜಾಗಕ್ಕೋ, ಒಳಗೆ ತಳ್ಳಿದ ಕೈಗೋ? ಮೀಟರಿಗೆ ಗೊತ್ತಾಗೋದು ಅಲುಗಾಟ ಮಾತ್ರ. ಕೆಲವು ಕುರಿಗಳು ಹೆದರಿದಾಗ ಒದ್ದಾಡೋದೇ ಇಲ್ಲ, ಮರಗಟ್ಟಿ ನಿಂತುಬಿಡುತ್ತವೆ. ಅವುಗಳಿಗೆ "ಸಮಾಧಾನಿ" ಅಂತ ಅಂಕ ಬಿದ್ದರೆ ತಪ್ಪಲ್ಲವೇ? ರಕ್ತದಲ್ಲಿ ಕಾರ್ಟಿಸಾಲ್ ನೋಡೋಣ ಅಂದರೆ, ಸೂಜಿ ಚುಚ್ಚಲು ಹಿಡಿಯುವುದರಿಂದಲೇ ಅದು ಏರುತ್ತದೆ. ಅದಕ್ಕೇ ಒಂದೇ ಅಂಕವನ್ನು ನಂಬದೆ ಹಲವು ಅಳತೆಗಳನ್ನು ಜೋಡಿಸಿ ನೋಡಬೇಕು.

ಹಿಂಡನ್ನು ಸಾಕಿದ ರೀತಿಯನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಕುರಿಗಳಿರುವುದು ನಮ್ಮ ಟೆಕ್ಸಾಸಿನಲ್ಲೇ. ಸ್ಯಾನ್ ಆ್ಯಂಜೆಲೊ ಸುತ್ತಿನ ದೊಡ್ಡ ರ‍್ಯಾಂಚುಗಳಲ್ಲಿ ಬೇಲಿಯೊಳಗೆ ತಾವೇ ಮೇಯುವ ಕುರಿಗೆ ಮನುಷ್ಯ ಅಂದರೆ ಅಟ್ಟಿಸಿಕೊಂಡು ಬಂದು ಹಿಡಿಯುವವನು. ಉತ್ತರ ಕರ್ನಾಟಕದಲ್ಲಿ ಡೆಕ್ಕನಿ ಕುರಿಗಳನ್ನು ಅಟ್ಟಿಕೊಂಡು ಊರೂರು ಸುತ್ತುವ ಕುರುಬರು ರಾತ್ರಿ ಹೊಲದಲ್ಲಿ ಮಂದೆಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಆ ಕುರಿಗೆ ಕುರಿಗಾಹಿಯೂ ಹಿಂಡಿನವನೇ. ಅಂಗಳದ ಪರೀಕ್ಷೆಯಲ್ಲಿ ಅವನನ್ನೇ ನಿಲ್ಲಿಸಿದರೆ ಕುರಿ ನೆಟ್ಟಗೆ ಅವನ ಹತ್ತಿರವೇ ಬಂದೀತು. ಆಗ ನಾವು ಅಳೆದದ್ದು ಕುರಿಯ ಸ್ವಭಾವವನ್ನಲ್ಲ, ಅವನ ಮೇಲಿನ ನಂಬಿಕೆಯನ್ನು.

ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಪ್ರಯೋಗ ಮಾಡಿ ನೋಡಿ. ಕುರಿಗಾಹಿಯನ್ನು ಕೇಳಿಕೊಂಡು, ಒಂದು ಕುರಿಯ ಓಡುವ ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಆಮೇಲೆ ಅವರನ್ನೇ ನಡೆಯಲು ಹೇಳಿ. ಎರಡು ಸಂಖ್ಯೆಗಳ ನಡುವಿನ ಅಂತರ ಕುರಿಯದಲ್ಲ, ನಮ್ಮದು.