ಡಬ್ಬಿ ತರಕಾರಿ ಮತ್ತು ಶೇಂಗಾ: ಪೋಷಕಾಂಶ ಪಟ್ಟಿಯ ಲೆಕ್ಕಾಚಾರ

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಅಂಗಡಿಗಳಲ್ಲಿಯೂ ಹಂಪಿಯ ಪ್ರವಾಸಿಗರನ್ನು ನೆಚ್ಚಿದ ಮಳಿಗೆಗಳಲ್ಲಿಯೂ ಗ್ರಾಹಕರು ಇಂದು ಬೆಲೆಯೊಡನೆ ಪೊಟ್ಟಣದ ಮೇಲಿನ ಪೋಷಕಾಂಶ ಪಟ್ಟಿಯನ್ನೂ ಗಮನಿಸುತ್ತಾರೆ. ಆ ಪಟ್ಟಿಯನ್ನು ಸರಿಯಾಗಿ ಓದುವುದು ವರ್ತಕರಿಗೂ, ಸರಿಯಾಗಿ ಮುದ್ರಿಸುವುದು ಸಣ್ಣ ತಯಾರಕರಿಗೂ ಅವಶ್ಯಕ. ಡಬ್ಬಿಯ ಹಸಿ ಬಟಾಣಿ ಹಾಗೂ ಹುರಿದ ಉಪ್ಪು ಶೇಂಗಾಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವೇಚಿಸಬಹುದು.

100 ಗ್ರಾಂಗೆ ಅಂದಾಜು ಪ್ರಮಾಣ

ಬಟಾಣಿ (ದ್ರವ ಬಸಿದ ನಂತರ): ಶಕ್ತಿ 70 ಕಿಲೊ ಕ್ಯಾಲೊರಿ, ಪ್ರೋಟೀನ್ 4.4 ಗ್ರಾಂ, ಕೊಬ್ಬು ಅರ್ಧ ಗ್ರಾಂಗಿಂತ ಕಡಿಮೆ, ಸೋಡಿಯಂ 250 ಮಿಲಿಗ್ರಾಂ.

ಶೇಂಗಾ: ಶಕ್ತಿ 585 ಕಿಲೊ ಕ್ಯಾಲೊರಿ, ಪ್ರೋಟೀನ್ 24 ಗ್ರಾಂ, ಕೊಬ್ಬು 50 ಗ್ರಾಂ, ಸೋಡಿಯಂ 410 ಮಿಲಿಗ್ರಾಂ.

ಈ ಅಂತರಕ್ಕೆ ಮುಖ್ಯ ಕಾರಣ ನೀರು. ಡಬ್ಬಿಯ ಬಟಾಣಿಯ ತೂಕದಲ್ಲಿ ಶೇಕಡಾ 80ರಷ್ಟು ನೀರೇ ಇರುತ್ತದೆ. ಹುರಿದ ಶೇಂಗಾದಲ್ಲಿ ಅದು ಅತ್ಯಲ್ಪ.

ಬಳಕೆಯ ಲೆಕ್ಕ

ಆದರೆ ಯಾರೂ ಎರಡನ್ನೂ ಸಮತೂಕದಲ್ಲಿ ಸೇವಿಸುವುದಿಲ್ಲ. ಶೇಂಗಾ ಒಂದು ಹಿಡಿ, ಅಂದರೆ 30 ಗ್ರಾಂ. ಬಟಾಣಿ ಅರ್ಧ ಬಟ್ಟಲು, ಅಂದರೆ 85 ಗ್ರಾಂ ಎಂದು ಎಣಿಸೋಣ. ಆಗ ಶೇಂಗಾದಿಂದ 175 ಕಿಲೊ ಕ್ಯಾಲೊರಿ, 7 ಗ್ರಾಂ ಪ್ರೋಟೀನ್ ದೊರೆತರೆ, ಬಟಾಣಿಯಿಂದ 60 ಕಿಲೊ ಕ್ಯಾಲೊರಿ, 3.7 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಸೋಡಿಯಂ ವಿಷಯದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ: ಶೇಂಗಾದಿಂದ ಸುಮಾರು 120 ಮಿಲಿಗ್ರಾಂ, ಬಟಾಣಿಯಿಂದ 210 ಮಿಲಿಗ್ರಾಂ. ಉಪ್ಪು ರುಚಿಯ ಶೇಂಗಾಕ್ಕಿಂತ ಉಪ್ಪುನೀರಿನಲ್ಲಿ ನೆನೆದ ಬಟಾಣಿಯೇ ಒಂದು ಬಾರಿಯ ಸೇವನೆಯಲ್ಲಿ ಹೆಚ್ಚು ಸೋಡಿಯಂ ಒದಗಿಸುತ್ತದೆ.

ಸಂಸ್ಕರಣೆಯ ಪರಿಣಾಮ

ತಾಜಾ ಬಟಾಣಿಯಲ್ಲಿ 100 ಗ್ರಾಂಗೆ ಸುಮಾರು 40 ಮಿಲಿಗ್ರಾಂ ಇರುವ ವಿಟಮಿನ್ ಸಿ, ಡಬ್ಬಿಗೆ ಸೇರಿದ ಮೇಲೆ 10 ಮಿಲಿಗ್ರಾಂಗೆ ಇಳಿಯುತ್ತದೆ. ಹಾಗೆಂದು ಶಾಖವನ್ನು ಕಡಿಮೆ ಮಾಡುವಂತಿಲ್ಲ. ಆಮ್ಲ ಕಡಿಮೆಯಿರುವ ತರಕಾರಿಗಳನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಒಳಪಡಿಸದಿದ್ದರೆ ಬಾಟುಲಿಸಂ ಉಂಟುಮಾಡುವ ಜೀವಾಣುಗಳು ಉಳಿಯುವ ಅಪಾಯವಿದೆ. ಶೇಂಗಾಕ್ಕಿರುವ ಅಪಾಯ ಬೇರೆ: ತೇವದಲ್ಲಿ ದಾಸ್ತಾನು ಮಾಡಿದರೆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ವಿಷ ಉತ್ಪತ್ತಿಯಾಗುತ್ತದೆ. ಕಾಳಿನ ತೇವಾಂಶ ಶೇಕಡಾ 7ನ್ನು ಮೀರದಂತೆ ಒಣಗಿಸಿ ಶೇಖರಿಸುವುದು ಕ್ಷೇಮ.

ತಯಾರಕರು ಗಮನಿಸಬೇಕಾದುದು

2020ರ ಲೇಬಲಿಂಗ್ ನಿಯಮಾವಳಿಯು ದಿನಕ್ಕೆ 2000 ಕಿಲೊ ಕ್ಯಾಲೊರಿ, 67 ಗ್ರಾಂ ಕೊಬ್ಬು, 2000 ಮಿಲಿಗ್ರಾಂ ಸೋಡಿಯಂ ಎಂಬ ಆಧಾರದ ಮೇಲೆ, ಒಂದು ಬಾರಿಯ ಸೇವನೆಯಿಂದ ದೊರೆಯುವ ಶೇಕಡಾವಾರು ಪಾಲನ್ನು ನಮೂದಿಸಲು ವಿಧಿಸುತ್ತದೆ. ಮೇಲಿನ ಲೆಕ್ಕದಂತೆ ಒಂದು ಹಿಡಿ ಶೇಂಗಾದ ಕೊಬ್ಬು ಶೇಕಡಾ 22, ಸೋಡಿಯಂ ಶೇಕಡಾ 6. ಅರ್ಧ ಬಟ್ಟಲು ಬಟಾಣಿಯ ಸೋಡಿಯಂ ಶೇಕಡಾ 10ಕ್ಕೂ ಮಿಗಿಲು. ದ್ರವದಲ್ಲಿ ತುಂಬಿದ ಪದಾರ್ಥಕ್ಕೆ ದ್ರವ ಬಸಿದ ನಂತರದ ತೂಕವನ್ನೂ, ಶೇಂಗಾ ಬಳಸಿದ ಪದಾರ್ಥಕ್ಕೆ ಅಲರ್ಜಿ ಸೂಚನೆಯನ್ನೂ ಮುದ್ರಿಸಬೇಕು.

ಇಲ್ಲಿ ಕೊಟ್ಟಿರುವ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಉಪ್ಪಿನ ಪ್ರಮಾಣ, ತಳಿ, ಹುರಿಯುವ ವಿಧಾನಗಳಿಗನುಸಾರ ಅವು ಬದಲಾಗುತ್ತವೆ. ಬೇರೊಬ್ಬರ ಪೊಟ್ಟಣದ ಪಟ್ಟಿಯನ್ನು ನಕಲು ಮಾಡುವುದು ಸುಲಭವೆನಿಸಿದರೂ, ಅದು ನಮ್ಮ ಸರಕಿಗೆ ಹೊಂದದಿದ್ದರೆ ತಪ್ಪು ಲೇಬಲ್ ಎನಿಸಿಕೊಳ್ಳುತ್ತದೆ. 2006ರ ಆಹಾರ ಸುರಕ್ಷತಾ ಕಾಯಿದೆಯಡಿ ಇದಕ್ಕೆ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ತಮ್ಮ ಸರಕನ್ನೇ ಪರೀಕ್ಷೆ ಮಾಡಿಸಿ, ಆ ವರದಿಯ ಅಂಕಿಗಳನ್ನೇ ಮುದ್ರಿಸುವುದು ಉದ್ಯಮಿಗಳಿಗೂ ಗ್ರಾಹಕರಿಗೂ ಹಿತಕರ.