ದೊಡ್ಡ ಗಾಡಿಯನ್ನು ಹಿಂದಿನ ಸೀಟಿನಿಂದ ನೋಡಿ

ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ, ಇಲ್ಲವೇ ದಸರಾ–ದೀಪಾವಳಿಯ ಎದುರಿಗೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅನುಕೂಲಸ್ಥ ಮನೆಗಳಲ್ಲಿ ದೊಡ್ಡ ಗಾಡಿಯ ಮಾತು ಏಳುತ್ತದೆ. ಬೇಕಾಗಿರುವುದು ಇಡೀ ಕುಟುಂಬಕ್ಕೆ. ಶೋರೂಮಿಗೆ ಹೋಗುವವರು ಮಾತ್ರ ಇಬ್ಬರು ಮೂವರು ಗಂಡಸರು. ಬಾನೆಟ್ ಎತ್ತಿಸುತ್ತಾರೆ, ಸ್ಟೇರಿಂಗ್ ಹಿಡಿಯುತ್ತಾರೆ, ಸನ್‌ರೂಫ್ ತೆಗೆಸುತ್ತಾರೆ, ‘ಆವರೇಜ್ ಎಷ್ಟ್ ಕೊಡ್ತೈತ್ರಿ?’ ಎಂದು ಕೇಳಿ ಬುಕ್ ಮಾಡಿ ಬರುತ್ತಾರೆ. ಕೊನೆಯ ಸಾಲಿನಲ್ಲಿ ಕೂರಬೇಕಾದ ಮಕ್ಕಳು, ಮಧ್ಯದ ಸಾಲಿಗೆ ಹತ್ತಬೇಕಾದ ಅಜ್ಜಿ ಆ ಗಾಡಿಯನ್ನು ಮೊದಲು ಕಾಣುವುದು ಪೂಜೆಯ ದಿನ.

ಈ ಕ್ರಮವನ್ನು ತಿರುವಿ ಹಾಕಬೇಕು. ಏಳು ಸೀಟಿನ ಗಾಡಿಯ ಯೋಗ್ಯತೆ ತಿಳಿಯುವುದು ಅದರ ಅತ್ಯಂತ ಇಕ್ಕಟ್ಟಿನ ಸೀಟಿನಲ್ಲಿ. ಡ್ರೈವರ್ ಸೀಟು ಯಾವ ಗಾಡಿಯಲ್ಲೂ ಚೆನ್ನಾಗಿಯೇ ಇರುತ್ತದೆ.

ಈ ಭಾಗದಲ್ಲಿ ದೊಡ್ಡ ಗಾಡಿ ಎಂದರೆ ಮೊದಲು ಬರುವ ಹೆಸರು ಟೊಯೊಟಾ ಫಾರ್ಚೂನರ್. 2009ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇದು ತಯಾರಾಗುವುದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಆ ಹೆಸರಿನ ಅರ್ಧ ಭಾಗ ಸವದತ್ತಿ ಸೀಮೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಅವರು ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆಂದು ರೈತರು ಅದನ್ನು ಬಹುಕಾಲ ಮುಟ್ಟಲಿಲ್ಲವಂತೆ. ಆ ಅನುಮಾನದಲ್ಲಿ ಕಾಲು ಪಾಲನ್ನು ಇವತ್ತು ಶೋರೂಮಿನಲ್ಲಿ ತೋರಿಸಿದರೂ ಸಾಕು.

ಮೊದಲು ಟೇಪು ಹಿಡಿಯಿರಿ

ಶೋರೂಮಿಗಿಂತ ಮೊದಲು ಮನೆಯ ಗೇಟು ಅಳೆಯಬೇಕು. ಫಾರ್ಚೂನರ್ ಉದ್ದ 4,795 ಮಿ.ಮೀ., ಅಗಲ 1,855 ಮಿ.ಮೀ.; ಅಂದರೆ ಹದಿನಾರು ಅಡಿಗೆ ತುಸು ಕಡಿಮೆ ಉದ್ದ, ಆರು ಅಡಿ ಮೀರಿದ ಅಗಲ. ಕೋಟಿ ದಾಟುವ ಮರ್ಸಿಡಿಸ್ ಜಿಎಲ್‌ಎಸ್, ಬಿಎಂಡಬ್ಲ್ಯು ಎಕ್ಸ್7 ಗಾಡಿಗಳು ಹದಿನೇಳು ಅಡಿಯ ಆಸುಪಾಸು. ಕನ್ನಡಿ ಬಿಚ್ಚಿ ನಿಂತ ಜಿಎಲ್‌ಎಸ್ ಏಳು ಅಡಿಗಿಂತ ಅಗಲ.

ಹತ್ತು ಅಡಿಯ ಗೇಟು ಸಾಕು ಎನ್ನುವವರು ಓಣಿಯ ತಿರುವನ್ನು ಮರೆಯುತ್ತಾರೆ. ಹಳೆಯ ಪೇಟೆಗಳಲ್ಲಿ ಗೇಟಿನ ಎದುರೇ ಗಟಾರ, ಪಕ್ಕದ ಮನೆಯ ಕಟ್ಟೆ, ಒಂದು ವಿದ್ಯುತ್ ಕಂಬ ಇರುತ್ತವೆ. ಡೆಮೊ ಗಾಡಿಯನ್ನು ಮನೆಯವರೆಗೆ ತರಿಸಿ. ದೊಡ್ಡ ಬೆಲೆಯ ಗಾಡಿಗೆ ಡೀಲರುಗಳು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾಂಪೌಂಡಿನೊಳಗೆ ನಿಲ್ಲಿಸಿ ಎರಡೂ ಬದಿಯ ಬಾಗಿಲನ್ನು ಪೂರ್ತಿ ತೆಗೆಯಿರಿ, ಹಿಂದಿನ ಡಿಕ್ಕಿಯನ್ನೂ ಮೇಲೆತ್ತಿ. ಪತ್ರಾಸಿನ ಶೆಡ್ಡಿಗೆ ಡಿಕ್ಕಿಯ ತುದಿ ತಾಗಿದ ಗುರುತು ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ.

ಮೂರನೇ ಸಾಲಿನ ಪರೀಕ್ಷೆ

ಶೋರೂಮಿಗೆ ಹೋಗುವಾಗ ಮನೆಯ ಎಲ್ಲರೂ ಹೋಗಲಿ. ಅಜ್ಜಿ, ಸೊಸೆ, ಮೊಮ್ಮಕ್ಕಳು, ಮನೆಯಲ್ಲಿ ಅತಿ ಎತ್ತರದವರು, ಮೊಣಕಾಲು ನೋವಿನವರು, ಯಾರನ್ನೂ ಬಿಡಬೇಡಿ.

ಮೊದಲು ಅಜ್ಜಿ ಹತ್ತಲಿ, ಅದೂ ಇಳಕಲ್ ಸೀರೆಯಲ್ಲಿ. ಫಾರ್ಚೂನರಿನಂಥ ಲ್ಯಾಡರ್ ಫ್ರೇಮ್ ಗಾಡಿಗಳಲ್ಲಿ ಬಾಡಿಯನ್ನು ಪ್ರತ್ಯೇಕ ಚಾಸಿಯ ಮೇಲೆ ಕೂರಿಸಿರುತ್ತಾರೆ, ಹಾಗಾಗಿ ನೆಲ ಎತ್ತರ. ಪಕ್ಕದ ಫುಟ್‌ಬೋರ್ಡ್ ಮೇಲೆ ಇಡೀ ಪಾದ ಊರಲು ಜಾಗವಿದೆಯೇ, ಬಾಗಿಲ ಕಂಬದಲ್ಲಿ ಕೈಹಿಡಿಕೆ ಅವರ ಕೈಗೆ ಎಟಕುತ್ತದೆಯೇ ನೋಡಿ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತಿಸಿ, ಇಳಿಸಿ, ಮತ್ತೊಮ್ಮೆ ಯಾರ ಸಹಾಯವೂ ಇಲ್ಲದೆ ಹತ್ತಿಸಿ. ಸೇಲ್ಸ್ ಹುಡುಗ ಕೈ ಕೊಡಲು ಓಡಿಬಂದರೆ ಬೇಡವೆನ್ನಿ. ಅವನು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜೊತೆಗೆ ಬರುವುದಿಲ್ಲ.

ನಂತರ ಮೂರನೇ ಸಾಲು. ಮಧ್ಯದ ಸೀಟನ್ನು ಎತ್ತರದವರಿಗೆ ಹೊಂದಿಸಿ, ಅದನ್ನು ಹಾಗೇ ಬಿಟ್ಟು ಹಿಂದೆ ಕೂತು ನೋಡಬೇಕು. ನೆಲ ಎತ್ತರವಿದ್ದು ಸೀಟು ತಗ್ಗಿದ್ದರೆ ಮೊಣಕಾಲು ಎದೆಯ ಹತ್ತಿರ ಬರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಐದು ನಿಮಿಷಕ್ಕೆ ಇದು ಗೊತ್ತಾಗದು. ಎಂಜಿನ್, ಎ.ಸಿ. ಚಾಲೂ ಇಟ್ಟು ಅರ್ಧ ತಾಸು ಕೂರಿ. ಡೀಲರ್ ಚಹಾ ತರಿಸುವವರೆಗೆ ಮಾತನ್ನೂ ಅಲ್ಲೇ ಮುಗಿಸಿ. ಗಾಡಿ ಬಿಸಿಲಲ್ಲಿ ನಿಂತಿದ್ದರೆ ಇನ್ನೂ ಒಳ್ಳೆಯದು. ಸವದತ್ತಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಹಿಂದಿನವರಿಗೆ ತಂಪು ತಲುಪಲು ಎಷ್ಟು ಹೊತ್ತು ಬೇಕೆಂಬುದೇ ಎ.ಸಿ.ಯ ನಿಜವಾದ ಅಳತೆ.

ಸಾಮಾನಿನ ಲೆಕ್ಕ ಇನ್ನೂ ಕಠಿಣ. ಮೂರೂ ಸಾಲು ಬಿಚ್ಚಿದಾಗ ಫಾರ್ಚೂನರಿನಲ್ಲಿ ಹಿಂದೆ ಉಳಿಯುವ ಜಾಗ 296 ಲೀಟರ್, ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯಷ್ಟು. ಎರಡು ಸೂಟ್‌ಕೇಸ್, ಮೇಲೊಂದು ಚೀಲ, ಅಷ್ಟೇ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕುಟುಂಬದ ಹತ್ತಿರ ನೈವೇದ್ಯದ ಪಡ್ಡಲಿಗೆ ತುಂಬಲು ಬುಟ್ಟಿ, ರೊಟ್ಟಿ ಬುತ್ತಿ, ಸಣ್ಣ ಸಿಲಿಂಡರ್, ಹಾಸಿಗೆ, ನೀರಿನ ಕ್ಯಾನು ಇರುತ್ತವೆ. ಏಳೂ ಜನ ಕೂತ ಮೇಲೆ ಇವು ಹಿಡಿಸುವುದಿಲ್ಲ. ಹಾಗಾಗಿ ಬುಟ್ಟಿಯನ್ನೂ ಕ್ಯಾನನ್ನೂ ಜೊತೆಗೆ ಒಯ್ದು ಇಟ್ಟೇ ನೋಡುವುದು ಲೇಸು. ಶೋರೂಮಿನವರು ನಗಬಹುದು, ನಗಲಿ. ಐವತ್ತು ಲಕ್ಷ ಕೊಡುವವರು ಬುಟ್ಟಿ ಹಿಡಿದು ಬರಬಾರದೆಂದು ಎಲ್ಲೂ ಬರೆದಿಲ್ಲ. ಫಾರ್ಚೂನರಿನ ಕೊನೆಯ ಸೀಟುಗಳು ನೆಲಕ್ಕೆ ಮಡಚಿಕೊಳ್ಳದೆ ಅಕ್ಕಪಕ್ಕಕ್ಕೆ ಎದ್ದು ನಿಲ್ಲುತ್ತವೆ, ಅಲ್ಲಿಯೂ ಜಾಗ ಕಡಿಮೆಯಾಗುತ್ತದೆ. ಜಿಎಲ್‌ಎಸ್, ಎಕ್ಸ್7ಗಳಲ್ಲಿ ಬಟನ್ ಒತ್ತಿದರೆ ಮಡಚಿ ಸಮತಟ್ಟಾಗುತ್ತವೆ.

ಟೆಸ್ಟ್ ಡ್ರೈವ್ ಯಾವ ರಸ್ತೆಯಲ್ಲಿ?

ಶೋರೂಮಿನ ಸುತ್ತ ಒಂದು ಸುತ್ತು ಹೊಡೆಸುವುದು ಟೆಸ್ಟ್ ಡ್ರೈವ್ ಅಲ್ಲ. ಬೆಳಗಾವಿಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಿತ್ತೂರಿನವರೆಗೆ ಬಂದು, ಅಲ್ಲಿಂದ ಬೈಲಹೊಂಗಲದತ್ತ ತಿರುಗಿದರೆ ಒಂದೇ ಪಯಣದಲ್ಲಿ ಎರಡು ಬಗೆಯ ರಸ್ತೆ ಸಿಗುತ್ತವೆ. ಹೆದ್ದಾರಿಯಲ್ಲಿ ಎಲ್ಲ ಗಾಡಿಗಳೂ ಸಂಪನ್ನ. ಹಂಪ್ಸು, ಕಿತ್ತ ಡಾಂಬರಿನ ಒಳರಸ್ತೆಯಲ್ಲಿ ಬಂಡವಾಳ ಬಯಲಾಗುತ್ತದೆ. ಲ್ಯಾಡರ್ ಫ್ರೇಮ್ ಗಾಡಿ ಗಟ್ಟಿ, ಆದರೆ ಹಿಂದಿನವರನ್ನು ಅಕ್ಕಪಕ್ಕ ತೂಗಿಸುತ್ತದೆ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿದ್ದರೆ ಅದನ್ನು ಕೊನೆಯ ಸಾಲಿನಲ್ಲೇ ಕೂರಿಸಿ ಪರೀಕ್ಷಿಸಿ. ಜಿಎಲ್‌ಎಸ್‌ನಂಥ, ಬಾಡಿಯೂ ಚಾಸಿಯೂ ಒಂದೇ ಆಗಿರುವ ಮಾನೋಕಾಕ್ ಗಾಡಿಗಳ ಏರ್ ಸಸ್ಪೆನ್ಶನ್ ಈ ಕುಲುಕಾಟವನ್ನು ಬಹಳಷ್ಟು ನುಂಗುತ್ತದೆ. ವಾರಂಟಿ ಮುಗಿದ ಮೇಲೆ ಅದರ ಒಂದು ಭಾಗ ಕೆಟ್ಟರೂ ಬರುವ ಬಿಲ್ಲು ನೆನಪಿರಲಿ.

ಸಾಧ್ಯವಾದರೆ ಪೂರ್ತಿ ಜನ ತುಂಬಿಕೊಂಡು ಎಲ್ಲಮ್ಮನ ಗುಡ್ಡ ಹತ್ತಿ ಇಳಿಯಿರಿ. ಹತ್ತುವಾಗ ಎಂಜಿನ್ ನೋಡುವವರೇ ಎಲ್ಲ. ಇಳಿಯುವಾಗ ಬ್ರೇಕ್ ಹೇಗೆ ಹಿಡಿಯುತ್ತದೆ, ಗೇರ್ ತಗ್ಗಿಸಿದರೆ ಗಾಡಿ ಹಿಡಿತಕ್ಕೆ ಬರುತ್ತದೆಯೇ ಎಂಬುದು ಹೆಚ್ಚು ಮುಖ್ಯ. ಇನ್ನೊಂದು ಸುತ್ತು ರಾತ್ರಿ ಇರಲಿ. ಕಬ್ಬಿನ ಹಂಗಾಮಿನಲ್ಲಿ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಡಬಲ್ ಟ್ರಾಲಿಗಳು ರಸ್ತೆಯಲ್ಲಿ ನಿಂತಿರುತ್ತವೆ. ಡಿಪ್‌ನಲ್ಲಿ ಬೆಳಕು ಎಷ್ಟು ದೂರ ಬೀಳುತ್ತದೆ ಎಂಬುದು ಈ ನಾಲ್ಕು ಊರುಗಳಿಗೆ ಸನ್‌ರೂಫಿಗಿಂತ ದೊಡ್ಡ ವಿಷಯ.

ಬೆಲ್ಟು

ಅಪಘಾತ ದೂರದ ಮಾತಲ್ಲ. 2025ರ ಜನವರಿ 14ರ ಬೆಳಗಿನ ಜಾವ ಕಿತ್ತೂರು ಬಳಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಕಾರು ಮರಕ್ಕೆ ಡಿಕ್ಕಿ ಹೊಡೆದು ಅವರ ಬೆನ್ನುಮೂಳೆಗೆ ಪೆಟ್ಟಾಯಿತು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಪ್ರಯಾಣಿಸುತ್ತಿದ್ದ ಮರ್ಸಿಡಿಸ್ ಸೇತುವೆಯ ಗೋಡೆಗೆ ಬಡಿದಾಗ ಮುಂದಿನ ಸೀಟಿನ ಇಬ್ಬರೂ ಬದುಕುಳಿದರು, ಹಿಂದಿನ ಇಬ್ಬರೂ ತೀರಿಕೊಂಡರು. ಹಿಂದಿನವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಗಾಡಿಯ ಬೆಲೆ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಆದ್ದರಿಂದ ಕೊನೆಯ ಸಾಲಿನವರೆಗೂ ಮೂರು ಬಿಂದುವಿನ ಬೆಲ್ಟು ಇದೆಯೇ, ಅದು ಸರಾಗ ಬರುತ್ತದೆಯೇ, ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲನ್ನೂ ಮುಚ್ಚುತ್ತದೆಯೇ, ಮಕ್ಕಳ ಸೀಟು ಕಟ್ಟುವ ಐಸೋಫಿಕ್ಸ್ ಕೊಂಡಿ ಎಲ್ಲೆಲ್ಲಿದೆ ಎಂದು ಕೇಳಿ, ಮುಟ್ಟಿ ನೋಡಿ. ಸ್ಟಾರ್ ರೇಟಿಂಗ್ ಕೇಳುವಾಗ ಯಾವ ಸಂಸ್ಥೆಯದು, ಯಾವ ವರ್ಷದ್ದು ಎಂದೂ ಕೇಳಬೇಕು. ನಮ್ಮದೇ ಆದ ಭಾರತ್ ಎನ್‌ಸಿಎಪಿ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ವಿದೇಶದಲ್ಲಿ ಪರೀಕ್ಷೆಗೊಂಡ ಮಾದರಿಯ ಸಲಕರಣೆ ಇಲ್ಲಿ ಮಾರುವುದರಲ್ಲಿ ಇರಲೇಬೇಕೆಂದಿಲ್ಲ.

ಫೋರ್ ಬೈ ಫೋರ್ ಬೇಕೇ?

ಬಹುತೇಕರಿಗೆ ಬೇಡ. ಎರೆ ಹೊಲದ ಮಣ್ಣು ಮಳೆಗೆ ನೆನೆದರೆ ಟಾಯರಿನ ಸಂದುಗಳನ್ನೆಲ್ಲ ತುಂಬಿ ನುಣ್ಣಗೆ ಮಾಡಿಬಿಡುತ್ತದೆ. ಹೆದ್ದಾರಿ ಟಾಯರು ಹಾಕಿದ ಫೋರ್ ಬೈ ಫೋರ್ ಕೂಡ ಅಲ್ಲಿ ಹೂತು, ಕೊನೆಗೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಮನೆಯೇ ಹೊಲದಲ್ಲಿದ್ದು ಮಳೆಗಾಲದಲ್ಲಿ ದಿನವೂ ಓಡಾಡುವವರು ತೆಗೆದುಕೊಳ್ಳಲಿ. ಉಳಿದವರು ಆ ಹಣವನ್ನು ಒಳ್ಳೆಯ ಟಾಯರಿಗೂ ವಿಮೆಗೂ ಇಟ್ಟುಕೊಳ್ಳುವುದು ಜಾಣತನ.

ನೀರಿನ ಮಾತು ಬೇರೆ. 2019ರ ಆಗಸ್ಟ್‌ನ ಮಲಪ್ರಭೆಯ ನೆರೆಯನ್ನು ರಾಮದುರ್ಗದವರು ಮರೆತಿಲ್ಲ. ಗಾಡಿ ಎತ್ತರವಿದೆಯೆಂದು ನೀರಿಗೆ ಇಳಿಸಿ, ಗಾಳಿಯ ಕೊಳವೆಯಿಂದ ಎಂಜಿನ್‌ಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಸಾಮಾನ್ಯ ವಿಮೆ ಈ ನಷ್ಟವನ್ನು ಹೆಚ್ಚಾಗಿ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಎಂಬ ಸೇರ್ಪಡೆಯನ್ನು ಬೇರೆಯಾಗಿ ಕೊಳ್ಳಬೇಕು.

ಹಣದ ಲೆಕ್ಕ

ಎಕ್ಸ್ ಶೋರೂಮ್ ಬೆಲೆ 40 ಲಕ್ಷ ಎಂದುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆ ಶೇ 18. ಅದರ ಮೇಲಿನ ಸೆಸ್ ಸೇರಿದರೆ ಹತ್ತಿರ 8 ಲಕ್ಷ. 10 ಲಕ್ಷ ಮೀರಿದ ಕಾರಿಗೆ ಮೂಲದಲ್ಲೇ ವಸೂಲಾಗುವ ಶೇ 1 ತೆರಿಗೆ 40 ಸಾವಿರ. ಇದನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಹಿಂಪಡೆಯಬಹುದು, ಅನೇಕರು ಮರೆತೇ ಬಿಡುತ್ತಾರೆ. ವಿಮೆ ಸೇರಿ ಒಟ್ಟು ಐವತ್ತು ಲಕ್ಷದ ಹತ್ತಿರಕ್ಕೆ ನಿಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಜಿಎಸ್‌ಟಿ ಪರಿಹಾರ ಸೆಸ್ ಹೋಗಿ ಶೇ 40 ಜಿಎಸ್‌ಟಿ ಮಾತ್ರ ಉಳಿದಿದೆ. ಹಾಗಾಗಿ ಅದಕ್ಕೂ ಹಿಂದಿನ ಕೊಟೇಶನ್ ಇಟ್ಟುಕೊಂಡು ಚೌಕಾಶಿಗೆ ಕೂರಬೇಡಿ. ಕೊಟೇಶನ್ನಿನಲ್ಲಿ ‘ಹ್ಯಾಂಡ್ಲಿಂಗ್’ ಎಂಬ ಸಾಲು ಕಂಡರೆ ಹೊಡೆದು ಹಾಕಿಸಿ.

ಓಡಿಸುವ ಖರ್ಚೂ ಇದೆ. ಫಾರ್ಚೂನರಿನ 80 ಲೀಟರ್ ಟ್ಯಾಂಕನ್ನು ಲೀಟರಿಗೆ 90 ರೂಪಾಯಿಯಂತೆ ತುಂಬಿಸಿದರೂ 7,200 ರೂಪಾಯಿ. ಬಿಎಸ್‌6 ಡೀಸೆಲ್ ಗಾಡಿಯ ಹೊಗೆ ಸೋಸುವ ಡಿಪಿಎಫ್, ದಿನವೂ ಮನೆಯಿಂದ ಅಂಗಡಿಯವರೆಗಷ್ಟೇ ಓಡಿದರೆ ಮಸಿ ಕಟ್ಟುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ದೂರ ಓಡಲೇಬೇಕು. ಸರ್ವಿಸ್ ಎಲ್ಲಿ ಎಂಬ ಪ್ರಶ್ನೆ ರಾಮದುರ್ಗದವರಿಗೆ ಎಲ್ಲರಿಗಿಂತ ಹೆಚ್ಚು ತಟ್ಟುತ್ತದೆ. ಬೆಳಗಾವಿ ಅಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಐಷಾರಾಮಿ ಬ್ರ್ಯಾಂಡಾದರೆ ಹತ್ತಿರದ ವರ್ಕ್‌ಶಾಪ್ ಯಾವುದು, ಗಾಡಿ ನಿಂತರೆ ಫ್ಲಾಟ್‌ಬೆಡ್ ಲಾರಿ ಯಾವ ಊರಿನಿಂದ ಬರುತ್ತದೆ ಎಂದು ಕೇಳಿ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿಯನ್ನು ಎರಡು ಗಾಲಿ ಮೇಲೆತ್ತಿ ಎಳೆಸುವಂತಿಲ್ಲ. ಸ್ಟೆಪ್ನಿಯನ್ನೂ ಇಳಿಸಿ ನೋಡಿ. ಸಣ್ಣ ತಾತ್ಕಾಲಿಕ ಗಾಲಿ ಕೊಟ್ಟಿದ್ದರೆ ಅದರ ಮೇಲೆ ಗಂಟೆಗೆ 80 ಕಿ.ಮೀ. ಮೀರುವಂತಿಲ್ಲ.

ಪುಣೆ, ಮುಂಬೈ, ದೆಹಲಿಯಿಂದ ಬರುವ ಸೆಕೆಂಡ್ ಹ್ಯಾಂಡ್ ಗಾಡಿಗಳು ಆಸೆ ಹುಟ್ಟಿಸುತ್ತವೆ. ಅಲ್ಲಿನ ಆರ್‌ಟಿಒ ಎನ್‌ಒಸಿ, ಸಾಲ ತೀರಿದ ಪತ್ರ, ಇಲ್ಲಿ ಮತ್ತೆ ಕಟ್ಟಬೇಕಾದ ತೆರಿಗೆ ಎಲ್ಲ ಸೇರಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ. ಸೀಟಿನ ಕೆಳಗಿನ ಕಂಬಿ, ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ತುದಿ, ಸ್ಟೆಪ್ನಿ ಗುಂಡಿ, ಈ ಮೂರು ಕಡೆ ಒಣಗಿದ ಕೆಸರಿದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿ.

ಕೊನೆಯದಾಗಿ, ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಬಿಲ್ ಆಗುವ ಮುಂಚೆಯೇ ಕೇಳಿ. ಆರ್‌ಸಿಯಲ್ಲಿ ಅಚ್ಚಾಗುವುದು ಅದೇ, ಮುಂದೆ ಮಾರುವಾಗ ಬೆಲೆ ಕಟ್ಟುವುದೂ ಅದರ ಮೇಲೆ. ಬುಕಿಂಗ್ ರದ್ದು ಮಾಡಿದರೆ ಎಷ್ಟು ಹಣ, ಎಷ್ಟು ದಿನಗಳಲ್ಲಿ ಮರಳುತ್ತದೆ ಎಂಬುದನ್ನು ಡೀಲರಿನಿಂದ ಬರಹದಲ್ಲಿ ಪಡೆದ ಮೇಲಷ್ಟೇ ಮುಂಗಡ ಕೊಡಿ.